ಒಂದೇ ಸಾಲಿನ ಎರಡು ಅಂಕಿ

ವಿಮಾನದ ಬೋಲ್ಟುಗಳ ಹಳೆಯ ಕೋಷ್ಟಕದಲ್ಲಿ ಎಎನ್4ರ ಸಾಲು ನನಗೆ ಅಚ್ಚುಮೆಚ್ಚು. ವ್ಯಾಸ ಕಾಲು ಇಂಚು. ಎಳೆತಕ್ಕೆ 4,080 ಪೌಂಡ್. ಶಿಯರ್‌ಗೆ, ಅಂದರೆ ಒಂದರ ಮೇಲೊಂದು ಜಾರಲು ಹವಣಿಸುವ ಎರಡು ತಗಡುಗಳ ನಡುವೆ ಸಿಕ್ಕು ಅಡ್ಡಡ್ಡ ತುಂಡಾಗುವುದಕ್ಕೆ, 3,680 ಪೌಂಡ್. ಉಕ್ಕಿನ ಗುಣವನ್ನೂ ಸ್ಪೆಸಿಫಿಕೇಷನ್ ಅಷ್ಟೇ ಚುಟುಕಾಗಿ ಹೇಳುತ್ತದೆ: ಚದರ ಇಂಚಿಗೆ ಎಳೆತದಲ್ಲಿ ಕನಿಷ್ಠ 1,25,000 ಪೌಂಡ್, ಶಿಯರ್‌ನಲ್ಲಿ 75,000. ಅಮೆರಿಕದ ಭೂಸೇನೆ, ನೌಕಾಪಡೆಗಳು ಸೇರಿ ತಂದ ಮಾನಕವಿದು. ಒಂದು ಪದವೂ ಹೆಚ್ಚಿಲ್ಲ.

ಈಗ ಸ್ವಲ್ಪ ನಿಂತು ನೋಡಿ. ಉಕ್ಕಿನ ಗುಣದಲ್ಲಿ ಎಳೆತ ಮತ್ತು ಶಿಯರ್ ಐದಕ್ಕೆ ಮೂರರಂತೆ ಇವೆ. ಬೋಲ್ಟಿನ ಬಲದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಅಕ್ಕಪಕ್ಕ ಬಂದು ಕೂತಿವೆ. ಉಳಿದ ವ್ಯತ್ಯಾಸ ಎಲ್ಲಿ ಹೋಯಿತು? ಪೆನ್ಸಿಲ್ ಹಿಡಿದು ಹಿಮ್ಮುಖವಾಗಿ ಭಾಗಿಸಿದರೆ ಗುಟ್ಟು ಹೊರಬೀಳುತ್ತದೆ. 4,080ನ್ನು 1,25,000ದಿಂದ ಭಾಗಿಸಿ: 0.0326 ಚದರ ಇಂಚು. 3,680ನ್ನು 75,000ದಿಂದ ಭಾಗಿಸಿ: 0.0491. ಒಂದೇ ಬೋಲ್ಟ್, ಆದರೆ ಎರಡು ಕ್ಷೇತ್ರಫಲ! ದೊಡ್ಡದು ಥ್ರೆಡ್ ಇಲ್ಲದ ನುಣುಪಾದ ಶಾಂಕಿನದು, ಕಾಲಿಂಚಿನ ಪೂರ್ಣ ವೃತ್ತ. ಚಿಕ್ಕದು ಥ್ರೆಡ್ಡಿನ ಬುಡದ್ದು, ಸುರುಳಿ ಕಣಿವೆಗಳ ಒಳಗೆ ಉಳಿದಿರುವ ತಿರುಳಿನದು.

ಈ ಲೆಕ್ಕ ನನಗೆ ಎಷ್ಟು ಸಲ ಮಾಡಿದರೂ ಹಳತಾಗಿಲ್ಲ. ಕೋಷ್ಟಕ ಬರೆದವರಿಗೆ ಬೋಲ್ಟ್ ಎಲ್ಲಿ ಸೋಲುತ್ತದೆಂದು ಚೆನ್ನಾಗಿ ಗೊತ್ತಿತ್ತು. ಎಳೆದರೆ ಅದು ಅತಿ ತೆಳುವಾದಲ್ಲಿ, ಥ್ರೆಡ್ಡಿನ ಬುಡದಲ್ಲಿ, ಹರಿಯುತ್ತದೆ. ಅಡ್ಡ ಒತ್ತಿದರೆ ತಗಡುಗಳು ಸೇರುವ ಗೆರೆಯಲ್ಲೇ ತುಂಡಾಗಬೇಕು, ಅಲ್ಲಿರುವುದು ಪೂರ್ತಿ ಶಾಂಕ್. ಹಾಗಾಗಿ 3,680 ಎಂಬ ಅಂಕಿಯ ಬೆನ್ನಿಗೆ ಒಂದು ಷರತ್ತೂ ಇದೆ: ಆ ಗೆರೆಯ ಮೇಲೆ ಥ್ರೆಡ್ ಬರಕೂಡದು. ಗ್ರಿಪ್ ಉದ್ದವನ್ನು, ಅಂದರೆ ಥ್ರೆಡ್ ಇಲ್ಲದ ಭಾಗದ ಉದ್ದವನ್ನು, ಸರಿಯಾಗಿ ಆರಿಸದವನಿಗೆ ಆ ಅಂಕಿಯ ಮೇಲೆ ಹಕ್ಕಿಲ್ಲ. ಇನ್ನು, ಅವಸರದಲ್ಲಿ 1,25,000ವನ್ನು ಶಾಂಕಿನ ಕ್ಷೇತ್ರಫಲದಿಂದಲೇ ಗುಣಿಸಿದರೆ 6,100 ಪೌಂಡಿಗೂ ಮೇಲೆ ಬರುತ್ತದೆ. ಹೆಚ್ಚಿಗೆ ಬಂದ ಎರಡು ಸಾವಿರ ಪೌಂಡ್ ಕಾಗದದ ಮೇಲಷ್ಟೇ ಇರುವ ಬಲ. ಥ್ರೆಡ್ಡಿನ ಬುಡದ ಬದಲು ಈಗ ಸಾಮಾನ್ಯವಾಗಿ ಬಳಸುವ ಸರಾಸರಿ ಕ್ಷೇತ್ರಫಲ 0.0364ನ್ನು ಹಿಡಿದರೆ ಇದೇ ಉಕ್ಕು 4,550 ಎನ್ನುತ್ತದೆ. ಒಂದು ಗುಂಜಿ ಲೋಹ ಸೇರಿಸದೆ 470 ಪೌಂಡ್ ಏರಿಕೆ. ಎರಡು ಮಾನಕಗಳ ಪೌಂಡುಗಳನ್ನು ಪಕ್ಕಪಕ್ಕ ಇಡುವ ಮೊದಲು ಯಾವ ಕ್ಷೇತ್ರಫಲ ಎಂದು ಕೇಳಲೇಬೇಕು.

ಮುಂದಿನ ಪೀಳಿಗೆಯ ಎನ್‌ಎಎಸ್ ಮಾನಕದ ಬೋಲ್ಟುಗಳಲ್ಲಿ ಅಂಕಿಗಳು 1,60,000 ಮತ್ತು 95,000ಕ್ಕೆ ಏರಿದವು. ಅನುಪಾತ ಮಾತ್ರ ಸರಿಸುಮಾರು ಹಾಗೇ ಉಳಿಯಿತು, 0.6ರ ಆಸುಪಾಸು. ಸಿದ್ಧಾಂತದಲ್ಲಿ ಲೋಹ ಶಿಯರ್‌ಗೆ ಮಣಿಯತೊಡಗುವ ಅನುಪಾತ 0.577, ಪರೀಕ್ಷೆಯ ಮೇಜಿನಿಂದ ಬಂದ ಅಂಕಿ ಅದರ ನೆರೆಯಲ್ಲೇ ಇರುವುದನ್ನು ಕಂಡಾಗ ಖುಷಿಯಾಗುತ್ತದೆ. ಹೆಸರಿಡುವುದರಲ್ಲೂ ಒಂದು ಚೆಲುವಿದೆ. ಎನ್‌ಎಎಸ್6604-12 ಎಂದರೆ ಇಂಚಿನ ಹದಿನಾರರಲ್ಲಿ ನಾಲ್ಕಂಶ ವ್ಯಾಸ, ಹದಿನಾರರಲ್ಲಿ ಹನ್ನೆರಡಂಶ ಗ್ರಿಪ್, ಉದ್ದ ಥ್ರೆಡ್. 66ರ ಬದಲು 62 ಎಂದರೆ ಅದೇ ಉಕ್ಕು, ಗಿಡ್ಡ ಥ್ರೆಡ್. 63 ಎಂದರೆ ತುಕ್ಕು ಹಿಡಿಯದ ಎ286 ಮಿಶ್ರಲೋಹ, 64 ಎಂದರೆ ಟೈಟೇನಿಯಂ. ಶಿಯರ್ ಎಲ್ಲದಕ್ಕೂ 95,000ವೇ. ಟೈಟೇನಿಯಂ ಬೋಲ್ಟ್ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ತೂಗುತ್ತದೆ, ಆದರೂ ಅಷ್ಟೇ ಹೊರುತ್ತದೆ. ಕಿರುಬೆರಳಿಗಿಂತ ಸಣ್ಣದಾದ ಈ ಕಾಲಿಂಚಿನ ಕಡ್ಡಿಯನ್ನು ಎರಡು ಕಡೆ ಒಟ್ಟಿಗೆ ಕತ್ತರಿಸಲು 9,330 ಪೌಂಡ್ ಬೇಕು, 4,200 ಕೆಜಿಗೂ ಮೇಲೆ. ಬೆಳೆದ ಆನೆಯೊಂದರ ಭಾರ ಅದು.

ನನ್ನ ಮೆಚ್ಚುಗೆ ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುವುದು ಸ್ಪೆಕ್ ಹಾಕುವ ಮೇಲ್ಮಿತಿಗೆ. 6604ರ ಉಕ್ಕನ್ನು 1,60,000ದಿಂದ 1,80,000ದ ನಡುವೆ ನಿಲ್ಲುವಂತೆ ಹದ ಮಾಡಬೇಕು. ಕಡಿಮೆಯಾದರೆ ತಿರಸ್ಕಾರ; ಹೆಚ್ಚಾದರೂ ತಿರಸ್ಕಾರ. ಗಡುಸು ಹೆಚ್ಚಿದಷ್ಟೂ ಉಕ್ಕಿಗೆ ಹೈಡ್ರೋಜನ್ನಿನ ಭಯ ಹೆಚ್ಚು. ಆಮ್ಲದಲ್ಲಿ ತೊಳೆಯುವಾಗ, ಕ್ಯಾಡ್ಮಿಯಂ ಲೇಪಿಸುವಾಗ ಒಳಹೊಕ್ಕ ಹೈಡ್ರೋಜನ್ ಸುಮ್ಮನಿದ್ದು, ಬಿಗಿದು ಗಂಟೆಗಳೋ ದಿನಗಳೋ ಆದ ಮೇಲೆ ಬೋಲ್ಟನ್ನು ಫಟ್ಟನೆ ಮುರಿದುಬಿಡಬಹುದು. ಅದಕ್ಕೇ ಇಂಥ ಗಡುಸು ಉಕ್ಕನ್ನು ಲೇಪಿಸಿದ ಬಳಿಕ ಒಲೆಯಲ್ಲಿಟ್ಟು ಕಾಯಿಸುವ ನಿಯಮಗಳಿವೆ, ಗಂಟೆಗಟ್ಟಲೆ ಬಿಗಿದಿಟ್ಟು ಕಾಯುವ ಪರೀಕ್ಷೆಯಿದೆ.

ಇನ್ನೂ ಹತ್ತಿರ ಹೋಗೋಣ, ಥ್ರೆಡ್ಡಿನ ಕಣಿವೆಗೆ. ಯುಎನ್‌ಜೆ ಎಂಬ ಥ್ರೆಡ್ ಮಾದರಿಯಲ್ಲಿ ಕಣಿವೆಯ ತಳ ಚೂಪಾಗಿರಕೂಡದು. ಅದರ ದುಂಡಿನ ತ್ರಿಜ್ಯ ಪಿಚ್ಚಿನ, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರದ, 0.15011ರಿಂದ 0.18042 ಪಟ್ಟು ಇರಬೇಕು. ಕಾಲಿಂಚಿನ ಬೋಲ್ಟಿಗೆ ಇಂಚಿಗೆ 28 ಥ್ರೆಡ್. ಅಲ್ಲಿ ಇದು 0.136ರಿಂದ 0.164 ಮಿಲಿಮೀಟರ್ ಆಗುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಕಟ್ಟುನಿಟ್ಟು, ಏಕೆಂದರೆ ಮತ್ತೆಮತ್ತೆ ಎಳೆದು ಬಿಡುವ ಭಾರಕ್ಕೆ ಬಿರುಕು ಹುಟ್ಟುವುದು ಅಲ್ಲೇ. ಥ್ರೆಡ್ಡನ್ನು ಕೊರೆಯುವುದಿಲ್ಲ, ಹದ ಮಾಡಿದ ಮೇಲೆ ಒತ್ತಿ ಉರುಳಿಸಿ ಮೂಡಿಸುತ್ತಾರೆ. ಅಂಥ ಬೋಲ್ಟನ್ನು ಉದ್ದಕ್ಕೆ ಸೀಳಿ, ನಯಗೊಳಿಸಿ, ಆಮ್ಲ ಸವರಿ ಹಿಗ್ಗಿಸಿ ನೋಡಿದರೆ ಲೋಹದ ಎಳೆಗಳು ಎಲ್ಲೂ ಕಡಿಯದೆ ಪ್ರತಿ ಕಣಿವೆಯ ಕೆಳಗೂ ಬಳುಕಿ ಹಾದುಹೋಗಿರುತ್ತವೆ.

ಬೋಲ್ಟಿನ ಅಂಕಿ ಇಡೀ ಜೋಡಣೆಯ ಅಂಕಿಯಲ್ಲ ಎಂಬುದಕ್ಕೆ 1990ರ ಜೂನ್ 10ರ ಒಂದು ಘಟನೆ ಸಾಕು. ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಮುಂಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ಹೊರಗೆ ಜೋತುಬಿದ್ದರೂ ಬದುಕುಳಿದರು. ಗಾಜು ಹಿಡಿದಿದ್ದ 90 ಬೋಲ್ಟುಗಳಲ್ಲಿ 84ರ ವ್ಯಾಸ 0.026 ಇಂಚು ಕಡಿಮೆಯಿತ್ತು. ಇಂಚಿಗೆ 32 ಥ್ರೆಡ್ ಎರಡು ಅಳತೆಗೂ ಸಮಾನವಾದ್ದರಿಂದ ಅವು ನಟ್ಟಿನೊಳಗೆ ಹೋಗಿ ತಿರುಗಿದ್ದವು. ಉಕ್ಕಿನ ಗುಣದಲ್ಲಿ ಕೊರತೆಯಿರಲಿಲ್ಲ. ನಟ್ಟಿನ ಥ್ರೆಡ್ಡಿಗೆ ಹಿಡಿಯಲು ಸಾಕಷ್ಟು ಲೋಹ ಸಿಗಲಿಲ್ಲ.

ಎಎನ್4ರ 3,680 ಪೌಂಡನ್ನೂ ಹೀಗೆ ಜೋಡಣೆಯೊಳಗಿಟ್ಟೇ ಓದಬೇಕು. ಆ ಬೋಲ್ಟ್ ಒಂದೂವರೆ ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನಲ್ಲಿದ್ದರೆ ಅಷ್ಟು ಭಾರ ಅದಕ್ಕೆ ಎಂದೂ ಬರುವುದಿಲ್ಲ. ಎಷ್ಟೋ ಮೊದಲೇ ತಗಡಿನ ತೂತು ಹಿಗ್ಗತೊಡಗುತ್ತದೆ. ವಿನ್ಯಾಸಕರು ಸಾಮಾನ್ಯವಾಗಿ ಬಯಸುವುದೂ ಅದನ್ನೇ. ಬೋಲ್ಟ್ ತುಂಡಾದರೆ ಒಂದೇ ಏಟಿಗೆ ಎಲ್ಲ ಮುಗಿಯುತ್ತದೆ. ತೂತು ಹಿಗ್ಗಿದರೆ ಭಾರ ನಿಧಾನಕ್ಕೆ ಸಾಲಿನ ಇತರ ಬೋಲ್ಟುಗಳಿಗೆ ಹಂಚಿಹೋಗುತ್ತದೆ, ತಪಾಸಣೆಗೆ ಬಂದವರ ಕಣ್ಣಿಗೂ ಬೀಳುತ್ತದೆ.