ಟ್ರಸ್ಟ್ ಹೆಸರಿನ ಕೋವಿ

ಟೆಕ್ಸಾಸ್‌ನಲ್ಲೊಬ್ಬ ಬಂದೂಕಿನ ಸದ್ದು ತಗ್ಗಿಸುವ ಸಪ್ರೆಸರ್ ಅನ್ನು ತನ್ನ ಹೆಸರಿಗೆ ಕೊಂಡು ತಿಜೋರಿಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ತಿಜೋರಿಯ ಇನ್ನೊಂದು ಬೀಗದಕೈ ಹೆಂಡತಿಯ ಬಳಿ ಇದೆ. ಗಂಡ ಮನೆಯಲ್ಲಿಲ್ಲದಾಗ ಆ ಸಾಧನ ಯಾರ ವಶದಲ್ಲಿದೆ? ಹೆಂಡತಿಯ ವಶದಲ್ಲಿದೆ ಎಂದು ಸರ್ಕಾರಿ ವಕೀಲರು ವಾದಿಸಬಹುದು. ತನ್ನ ಹೆಸರಿಗೆ ನೋಂದಣಿಯಾಗದ ಇಂಥ ಸಾಧನ ಇಟ್ಟುಕೊಂಡದ್ದು ಸಾಬೀತಾದರೆ 10 ವರ್ಷದವರೆಗೆ ಜೈಲು. ಅಮೆರಿಕದ ಬಂದೂಕು ಸಂಗ್ರಹಕಾರರು ಇಂಥವನ್ನು ತಮ್ಮ ಹೆಸರಿಗೆ ಬರೆಸದೆ ಟ್ರಸ್ಟ್‌ನ ಹೆಸರಿಗೆ ಬರೆಸುವುದಕ್ಕೆ ಈ ಭಯವೇ ಒಂದು ದೊಡ್ಡ ಕಾರಣ.

ಇದರ ಮೂಲ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಲ್ಲಿದೆ. ಪಾನನಿಷೇಧದ ಕಾಲದ ಗ್ಯಾಂಗುಗಳ ಗುಂಡಿನ ಕಾಳಗ ಕಂಡು ಬೆಚ್ಚಿದ್ದ ಸಂಸತ್ತು ಮಷಿನ್‌ಗನ್, ಗಿಡ್ಡ ನಳಿಗೆಯ ರೈಫಲ್ ಮತ್ತು ಶಾಟ್‌ಗನ್, ಸಪ್ರೆಸರ್‌ಗಳಿಗೆ ನೋಂದಣಿ ಕಡ್ಡಾಯ ಮಾಡಿ 200 ಡಾಲರ್ ತೆರಿಗೆ ಹಾಕಿತು. ಆ ಕಾಲಕ್ಕೆ ಅದು ಕೊಳ್ಳುವವರ ಎದೆ ನಡುಗಿಸುವ ಮೊತ್ತ. ಸಪ್ರೆಸರ್‌ಗೆ 1909ರಲ್ಲಿ ಪೇಟೆಂಟ್ ಪಡೆದವನು ಹೈರಮ್ ಪರ್ಸಿ ಮ್ಯಾಕ್ಸಿಮ್. ಮಷಿನ್‌ಗನ್‌ಗೆ ಹೆಸರಾದ ಹೈರಮ್ ಮ್ಯಾಕ್ಸಿಮ್‌ನ ಮಗ. ಅಪ್ಪ ಎಬ್ಬಿಸಿದ ಸದ್ದನ್ನು ಮಗ ತಗ್ಗಿಸಿದ. ಕಾಯ್ದೆ ಇಬ್ಬರ ಸೃಷ್ಟಿಯನ್ನೂ ಒಂದೇ ಪಟ್ಟಿಗೆ ಸೇರಿಸಿತು.

ತೆರಿಗೆಗಿಂತ ತೊಡಕಾಗಿದ್ದದ್ದು ಸಹಿ. ವ್ಯಕ್ತಿಯಾಗಿ ಅರ್ಜಿ ಹಾಕಿದರೆ ಬೆರಳಚ್ಚು, ಫೋಟೊ ಮತ್ತು ಸ್ಥಳೀಯ ಷರೀಫ್ ಅಥವಾ ಪೊಲೀಸ್ ಮುಖ್ಯಸ್ಥರ ಒಪ್ಪಿಗೆ ಬೇಕಿತ್ತು. ಎಷ್ಟೋ ಕಡೆ ಷರೀಫರು ಯಾರಿಗೂ ಸಹಿ ಹಾಕುತ್ತಲೇ ಇರಲಿಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಟ್ರಸ್ಟ್, ಕಂಪನಿಗಳೂ ‘ವ್ಯಕ್ತಿ’ಗಳೇ. ಅವುಗಳಿಗೆ ಬೆರಳಿಲ್ಲ, ಮುಖವಿಲ್ಲ. ಹೀಗಾಗಿ ಬೆರಳಚ್ಚೂ ಬೇಡ, ಫೋಟೊವೂ ಬೇಡ, ಷರೀಫರ ಸಹಿಯೂ ಬೇಡ. ವಕೀಲರು ಇದನ್ನೇ ಒಂದು ಕಸುಬು ಮಾಡಿಕೊಂಡರು.

ಈ ಸಂದು ಅಪಾಯಕಾರಿಯಾಗಿತ್ತು. 2013ರಲ್ಲಿ ಲಾಸ್ ಏಂಜಲೀಸ್‌ನ ಮಾಜಿ ಪೊಲೀಸ್ ಕ್ರಿಸ್ಟೋಫರ್ ಡಾರ್ನರ್ ನಾಲ್ವರನ್ನು ಕೊಂದ. ಉಯಿಲು ಬರೆಯುವ ಸಾಫ್ಟ್‌ವೇರ್‌ನಲ್ಲಿ ಟ್ರಸ್ಟ್ ಮಾಡಿಕೊಂಡು ಸಪ್ರೆಸರ್‌ಗಳನ್ನು ಕೊಂಡಿದ್ದಾಗಿ ಅವನೇ ಬರೆದಿಟ್ಟಿದ್ದ.

2016ರ ಜುಲೈ 13ರಿಂದ ನಿಯಮ ಬದಲಾಯಿತು. ಅಷ್ಟರೊಳಗೆ ಅರ್ಜಿ ಹಾಕಿಬಿಡಬೇಕೆಂದು ಜನ ಮುಗಿಬಿದ್ದರು. ಈಗ ಟ್ರಸ್ಟ್‌ನ ಪ್ರತಿಯೊಬ್ಬ ಹೊಣೆಗಾರನೂ ಬೆರಳಚ್ಚು, ಫೋಟೊ ಕೊಡಬೇಕು. ಷರೀಫರ ಒಪ್ಪಿಗೆ ಯಾರಿಗೂ ಬೇಡ, ಅರ್ಜಿಯ ಪ್ರತಿ ತಲುಪಿಸಿದರೆ ಸಾಕು. ಎರಡೂ ನ್ಯಾಯವಾದ ತಿದ್ದುಪಡಿಗಳು. ಒಂದು ಕೊರತೆ ಮಾತ್ರ ಉಳಿದಿದೆ: ಅನುಮತಿ ಸಿಕ್ಕ ಮೇಲೆ ಸೇರಿದ ಹೊಸ ಟ್ರಸ್ಟಿಯ ಬೆರಳಚ್ಚನ್ನು ಮುಂದಿನ ಅರ್ಜಿಯವರೆಗೂ ಕೇಳುವುದಿಲ್ಲ. ಇದನ್ನೂ ಮುಚ್ಚಬೇಕು.

ಸಲೀಸು ದಾರಿ ಮುಚ್ಚಿದ ಮೇಲೂ ಟ್ರಸ್ಟ್‌ಗೆ ಬೆಲೆ ಉಳಿದದ್ದು ಮನೆತನದ ಕಾರಣಕ್ಕೆ. ಟ್ರಸ್ಟಿಗಳಾದ ಗಂಡ, ಹೆಂಡತಿ, ವಯಸ್ಸಿಗೆ ಬಂದ ಮಗಳು, ಎಲ್ಲರೂ ತಿಜೋರಿ ತೆರೆಯಬಹುದು. ಒಬ್ಬರು ತೀರಿಕೊಂಡರೆ ಉಳಿದವರ ವಶ ಕಾನೂನುಬದ್ಧವಾಗಿಯೇ ಮುಂದುವರಿಯುತ್ತದೆ. 1986ರ ಮೇ 19ರ ನಂತರ ತಯಾರಾದ ಮಷಿನ್‌ಗನ್‌ಗಳನ್ನು ಜನಸಾಮಾನ್ಯರು ಕೊಳ್ಳುವಂತಿಲ್ಲ; ಅದಕ್ಕೂ ಮುಂಚೆ ನೋಂದಣಿಯಾದವು ಇಂದು ಹತ್ತಾರು ಸಾವಿರ ಡಾಲರ್ ಬಾಳುತ್ತವೆ. ಅಂಥ ಆಸ್ತಿಯನ್ನು ಬರೀ ಉಯಿಲಿನ ಮೇಲೆ ಬಿಡುವುದು ಜಾಣತನವಲ್ಲ. ಕಂಪನಿ ಕಟ್ಟಿಯೂ ಕೊಳ್ಳಬಹುದು, ಆದರೆ ಸರ್ಕಾರಿ ಶುಲ್ಕ, ಕಾಗದಪತ್ರಗಳ ತಾಪತ್ರಯ ಮನೆಯವರಿಗೆ ಯಾಕೆ?

ಟ್ರಸ್ಟ್‌ಗೆ ಹೆಸರಿಡುವಾಗ ಅನುಭವಸ್ಥರು ಹೇಳುವ ಕಿವಿಮಾತು, ಹೆಸರು ಚಿಕ್ಕದಿರಲಿ ಎಂಬುದು. ಸಾಧಾರಣ ರೈಫಲನ್ನು 16 ಇಂಚಿಗಿಂತ ಗಿಡ್ಡ ನಳಿಗೆಯದಾಗಿ ಮಾರ್ಪಡಿಸಲು ಟ್ರಸ್ಟ್ ಅನುಮತಿ ಪಡೆದರೆ, ಅದರ ‘ತಯಾರಕ’ ಟ್ರಸ್ಟೇ. ಟ್ರಸ್ಟ್‌ನ ಹೆಸರು, ಊರು, ರಾಜ್ಯ ಎಲ್ಲವನ್ನೂ ಬಂದೂಕಿನ ಲೋಹದ ಮೇಲೆ ಕೆತ್ತಿಸಬೇಕು. ಕೆತ್ತನೆಯ ಆಳ ಕನಿಷ್ಠ 0.003 ಇಂಚು ಇರಬೇಕು; ಸರಣಿ ಸಂಖ್ಯೆಯ ಅಕ್ಷರದ ಅಳತೆ 1/16 ಇಂಚಿಗೆ ಕಡಿಮೆ ಇರಕೂಡದು. ಅಜ್ಜ, ಅಪ್ಪ, ಮನೆತನದ ಹೆಸರೆಲ್ಲ ಸೇರಿಸಿ ಉದ್ದುದ್ದ ಹೆಸರಿಟ್ಟವರು ಒಳ್ಳೆಯ ಬಂದೂಕಿನ ಅಂದ ಕೆಡಿಸಿಕೊಳ್ಳುತ್ತಾರೆ.

2026ರ ಜನವರಿ 1ರಿಂದ ಸಪ್ರೆಸರ್ ಮತ್ತು ಗಿಡ್ಡ ನಳಿಗೆಯ ಬಂದೂಕುಗಳ ತೆರಿಗೆ ಸೊನ್ನೆಗೆ ಇಳಿದಿದೆ. ಮಷಿನ್‌ಗನ್‌ಗೆ 200 ಡಾಲರ್ ಹಾಗೇ ಇದೆ. ನೋಂದಣಿ ಮಾತ್ರ ಎಲ್ಲದಕ್ಕೂ ಬೇಕು. ಸಪ್ರೆಸರ್ ನಿಷೇಧಿಸಿರುವ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಯಾವ ಟ್ರಸ್ಟೂ ನೆರವಿಗೆ ಬಾರದು.

ನಮ್ಮಲ್ಲಿ ವಾರಸುದಾರಿಕೆಯ ಪ್ರಶ್ನೆಗೆ ಉತ್ತರ ಬೇರೆ. ಮಲೆನಾಡಿನ ಕಾಫಿ ತೋಟದ ಯಜಮಾನರು ತೀರಿಕೊಂಡರೆ ಅವರ ಕೋವಿಗೆ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸ್ ಪಡೆಯಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಯಜಮಾನರಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ ಅವರಲ್ಲಿ 25 ವರ್ಷ ಇದ್ದರೆ, ಬದುಕಿದ್ದಾಗಲೇ ವಾರಸುದಾರರಿಗೆ ಕೊಡಿಸಲು ಅವಕಾಶವಿದೆ. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿಯ ಕಾನೂನು ನಿಷೇಧಿಸುತ್ತದೆ; ರಾಜ್ಯದ ಬೇಟೆ ಪರವಾನಗಿ ಇರುವವರಿಗೆ ಸಿಗುವಂಥ ಕೆಲವೇ ವಿನಾಯಿತಿಗಳಿವೆ. ಟ್ರಸ್ಟಿಯಾದ ಮಾತ್ರಕ್ಕೆ ಈ ನಿಷೇಧ ಸಡಿಲವಾಗುವುದಿಲ್ಲ. ಗ್ರೀನ್‌ಕಾರ್ಡ್ ಇರುವ ಗೆಳೆಯ ಎಷ್ಟೇ ಪ್ರೀತಿಯಿಂದ ಕರೆದರೂ, ವಲಸೆ ವಕೀಲರನ್ನು ಕೇಳದೆ ಅವನ ಟ್ರಸ್ಟ್ ಪತ್ರಕ್ಕೆ ಸಹಿ ಹಾಕಬೇಡಿ.