ಮಟ್ಟಿನ ತವರು ಪುಸ್ತಕದ ನೆತ್ತಿಯಲ್ಲಿಲ್ಲ

ಶಂಕರನಾರಾಯಣದ ಆಸುಪಾಸಿನಲ್ಲಿ ಯಕ್ಷಗಾನದ ಹರಕೆಯಾಟ ಮುಗಿದ ಬೆಳಗ್ಗೆ ಒಂದು ಮಾತು ಕಿವಿಗೆ ಬೀಳುವುದುಂಟು: “ಭಾಗವತರ ಕಂಠ ಚಂದ, ಆದರೆ ಆ ಭೈರವಿ ಭೈರವಿಯೇ ಅಲ್ಲ.” ಹೇಳುವವರು ಸಂಗೀತ ಬಲ್ಲವರೇ. ಕರ್ನಾಟಕ ಸಂಗೀತದ ರಾಗಗಳು ಹಳ್ಳಿಗೆ ಬಂದು ಕೆಟ್ಟದ್ದೇ ಯಕ್ಷಗಾನದ ಮಟ್ಟು, ಅಂದರೆ ಹಾಡಿನ ಧಾಟಿ, ಎಂಬುದು ಅವರ ನಂಬಿಕೆ. ಬಹಳ ಮಂದಿ ಒಪ್ಪಿಕೊಂಡ ಈ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ.

ಅದಕ್ಕಿರುವ ದೊಡ್ಡ ಆಧಾರ ಪ್ರಸಂಗ ಪುಸ್ತಕ. ಪದ್ಯಗಳ ನೆತ್ತಿಯಲ್ಲಿ ‘ರಾಗ ಭೈರವಿ, ಝಂಪೆತಾಳ’, ‘ರಾಗ ಸೌರಾಷ್ಟ್ರ, ತ್ರಿವುಡೆತಾಳ’ ಎಂದು ಅಚ್ಚಾಗಿರುತ್ತದೆ. ಹೆಸರು ಕರ್ನಾಟಕ ಸಂಗೀತದ್ದಾದ ಮೇಲೆ ಹುಟ್ಟೂ ಅಲ್ಲಿಯದೇ ಎನ್ನುತ್ತಾರೆ. ಆದರೆ ಅದೇ ಪುಸ್ತಕದಲ್ಲಿ ಕಚೇರಿಯಲ್ಲಿ ಕೇಳಸಿಗದ ‘ಮಾರವಿ’ಯೂ ಇದೆ. ಅದು ಯಾವುದರ ಕೆಟ್ಟ ರೂಪ? ತಲೆಬರಹ ಭಾಗವತನಿಗೆ ಒಂದು ಗುರುತು ಮಾತ್ರ. ಮಟ್ಟು ಅವನಿಗೆ ಬಂದಿರುವುದು ಗುರುವಿನ ಬಾಯಿಂದ.

ಹೆಸರು ನೋಡಿ ಧಾಟಿಯ ಊರು ಹೇಳುವ ಕಷ್ಟ ನಮ್ಮದೊಂದೇ ಅಲ್ಲ. ಐರ್ಲೆಂಡಿನ ಪಿಟೀಲು, ಕೊಳಲಿನ ಧಾಟಿಗಳಲ್ಲಿ ಒಂದಕ್ಕೇ ಹಲವು ಹೆಸರು. ‘ಗ್ಯಾರಿಓವನ್’ ಎಂಬ ಧಾಟಿಯ ಹೆಸರು ಲಿಮೆರಿಕ್ ಊರಿನ ಒಂದು ಭಾಗದ್ದು; ಅದನ್ನು ನುಡಿಸುತ್ತ ನಡೆದದ್ದು ಅಮೆರಿಕದ ಕುದುರೆ ಸೇನೆ. ಮುತ್ತುಸ್ವಾಮಿ ದೀಕ್ಷಿತರ ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಜಗೀತೆಯ ಧಾಟಿಯಲ್ಲಿದೆ. ಅದನ್ನು ಯಾರೂ ಕೆಟ್ಟುಹೋದ ರಾಜಗೀತೆ ಎನ್ನುವುದಿಲ್ಲ. ದೀಕ್ಷಿತರಿಗೆ ಸಲ್ಲುವ ಈ ನ್ಯಾಯ ನಮ್ಮ ಭಾಗವತರಿಗೆ ಏಕೆ ಸಲ್ಲಬಾರದು?

ಕಾಲದ ಲೆಕ್ಕವೂ ಆ ನಂಬಿಕೆಯ ಪರವಾಗಿಲ್ಲ. ಯಕ್ಷಗಾನದ ಕೂತು ಆಡುವ ರೂಪವಾದ ತಾಳಮದ್ದಳೆಯವರಿಗೆ ಭೂಮಿ ಬಿಟ್ಟದ್ದನ್ನು ಹೇಳುವ ಬಳ್ಳಾರಿ ಸೀಮೆಯ ಕುರುಗೋಡು ಶಾಸನ 1556ರದು. ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ. ರಾಗಗಳು ತ್ಯಾಗರಾಜರಿಗಿಂತ ಹಳೆಯವು, ನಿಜ. ಆದರೆ ಇಂದು ನಾವು ಅಳತೆಗೋಲಾಗಿ ಹಿಡಿದಿರುವ ಕಚೇರಿಯ ಭೈರವಿ ಆ ಪರಂಪರೆಯಲ್ಲಿ ತಿದ್ದಿ ತೀಡಿದ ರೂಪ. ಮಟ್ಟು ಅದರ ಮಗುವಲ್ಲ, ಒಡಹುಟ್ಟು.

ಎರಡರ ಕೆಲಸವೂ ಬೇರೆ. ಕಚೇರಿಯಲ್ಲಿ ರಾಗ ಯಜಮಾನ, ಆಟದಲ್ಲಿ ಪದ್ಯ ಯಜಮಾನ. ಏಳಕ್ಷರದ ತ್ರಿವುಡೆಯಲ್ಲಿ ಮಾತು ಎಲ್ಲಿ ಮುರಿಯಬೇಕು, ವೇಷಧಾರಿಯ ಹೆಜ್ಜೆ ಎಲ್ಲಿ ಬೀಳಬೇಕು, ಚಂಡೆ, ಮದ್ದಳೆಗಳ ಬಿಡ್ತಿಗೆಗೆ ಎಲ್ಲಿ ಜಾಗ ಬಿಡಬೇಕು ಎಂಬುದೇ ಧಾಟಿಯನ್ನು ರೂಪಿಸುತ್ತದೆ. ಆವೇಶದ ಏರುಪದ್ಯದಲ್ಲಿ ನಯವಾದ ಗಮಕ ಇಲ್ಲದಿರುವುದು ಕೊರತೆಯಲ್ಲ. ಮೈಕಿಲ್ಲದ ಕಾಲದಲ್ಲಿ, ಚಂಡೆಯ ಅಬ್ಬರವನ್ನು ಮೀರಿ, ಬಯಲಿನ ಕೊನೆಯಲ್ಲಿ ಕೂತವನಿಗೂ ಸಾಹಿತ್ಯ ಮುಟ್ಟಿಸಲು ಹುಟ್ಟಿದ ಹದ ಅದು.

ಹಾಗೆಂದು ಮಟ್ಟುಗಳೆಲ್ಲ ಹೊರಗಿನ ಗಾಳಿ ಸೋಕದ ಶುದ್ಧ ಸೊತ್ತು ಎಂಬ ಎದುರು ವಾದವನ್ನೂ ನಾನು ಒಪ್ಪೆ. ಭಾಗವತ ಗುಂಡ್ಮಿ ಕಾಳಿಂಗ ನಾವಡರು (1958–1990) ಹೊಸ ರಾಗಗಳನ್ನು ರಂಗಕ್ಕೆ ತಂದದ್ದನ್ನು ಈ ಸೀಮೆ ಕಣ್ಣಾರೆ ಕಂಡಿದೆ. ಯಕ್ಷಗಾನದ ಸಂಗೀತಕ್ಕೆ ತನ್ನದೇ ದಾರಿಯಿದೆ ಎಂದು ವಾದಿಸಿದ ಶಿವರಾಮ ಕಾರಂತರೇ ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್ ಬಳಸಿದರು. ಕೊಳುಕೊಡೆ ಹಿಂದೆಯೂ ಇತ್ತು, ಇಂದೂ ಇದೆ. ಪಡೆದದ್ದನ್ನು ಆಟ ತನ್ನ ತಾಳಕ್ಕೆ, ತನ್ನ ಕುಣಿತಕ್ಕೆ ಹೊಂದಿಸಿಕೊಂಡಿತೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಅದನ್ನು ತಿಳಿಯಲು ಮೊದಲು ಧಾಟಿಗಳನ್ನು ಕೂಡಿಡಬೇಕು. ಷಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್ ತನ್ನ ಐರಿಷ್ ಜನರ 1,850 ಧಾಟಿಗಳನ್ನು ಕೂಡಿಸಿ 1903ರಲ್ಲಿ ಅಚ್ಚು ಹಾಕಿಸಿದ. ನಮ್ಮ ಹಿರಿಯ ಭಾಗವತರ ಮನೆ ಅಷ್ಟು ದೂರವೇನೂ ಇಲ್ಲ. ರಾಗದ ಹೆಸರನ್ನು ಬದಿಗಿಟ್ಟು, ಯಾವ ಪದ್ಯ, ಯಾವ ತಾಳ, ಯಾರಿಂದ ಕಲಿತದ್ದು ಎಂದು ಕೇಳಿ, ಅವರು ಹಾಡಿದ್ದನ್ನು ಹಾಡಿದಂತೆಯೇ ಧ್ವನಿಮುದ್ರಿಸಿಕೊಳ್ಳೋಣ. ಆ ಕಂಠಗಳು ಇರುವಾಗಲೇ ಈ ಕೆಲಸ ಆಗಬೇಕು.