ಬೋರ್ಡಿಗೆ ಮನಸೋತು ಪೆಟ್ಟಿಗೆ ಮರೆತವರು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಡಬಲ್ ಐಸಿ ಬೋರ್ಡ್ ಕೊಡಿ’ ಎಂದರೆ ಸಾಕು, ಯಾವುದು ಎಂದು ಅಂಗಡಿಯವರು ಮರುಪ್ರಶ್ನೆ ಹಾಕುವುದಿಲ್ಲ. ಜಪಾನಿನ ಸ್ಯಾನ್ಯೊ ಕಂಪನಿಯ ಎಲ್‌ಎ 4440 ಎಂಬ ಐಸಿ ಎರಡನ್ನು ಕೂರಿಸಿದ ಆಂಪ್ಲಿಫೈಯರ್ ಬೋರ್ಡು ಅದು. 12-0-12 ಟ್ರಾನ್ಸ್‌ಫಾರ್ಮರ್, ಡಯೋಡು, ದಪ್ಪನೆಯ ಫಿಲ್ಟರ್ ಕೆಪಾಸಿಟರ್ ಜೋಡಿಸಿ ತಗಡಿನ ಡಬ್ಬಿಗೆ ಸೇರಿಸಿದರೆ ಅಸೆಂಬಲ್ ಸೆಟ್ ರೆಡಿ. ಆಟೋ, ಟೆಂಪೊ, ಟೀ ಅಂಗಡಿಗಳನ್ನು ದಾಟಿ ಈ ಸೆಟ್ಟು ಮನೆಯ ಷೋಕೇಸಿಗೂ ಬಂದಿದೆ. ಐಸಿಯ ಡೇಟಾಶೀಟ್ ಹೇಳುವುದು ಚಾನೆಲ್ಲಿಗೆ 6 ವ್ಯಾಟ್. ಎರಡೂ ಚಾನೆಲ್ಲನ್ನು ಬ್ರಿಜ್ ಮಾಡಿದರೆ 19 ವ್ಯಾಟ್. ಗಿರಾಕಿಯ ಕಿವಿಗೆ ಬೀಳುವುದು ಮಾತ್ರ ನೂರು, ಇನ್ನೂರು ವ್ಯಾಟುಗಳ ಮಾತು. ಹಿಂದೆ ಸ್ಪೀಕರ್ ಡಬ್ಬಿಗಳ ಮೇಲೆ ರಾರಾಜಿಸುತ್ತಿದ್ದ ‘ಪಿಎಂಪಿಒ’ದ ಸಂತಾನ ಇದು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಗುವ ಶಕ್ತಿಯನ್ನು ಎಣಿಸಿ, ಅದನ್ನೇ ಇನ್ನಷ್ಟು ಉಬ್ಬಿಸಿ ಬರೆಯುತ್ತಿದ್ದ ಲೆಕ್ಕ ಅದು.

ಹಾಗೆಂದು ಮನೆಯಲ್ಲೇ ಹೈಫೈ ಕಟ್ಟುವ ಹವ್ಯಾಸವನ್ನು ಹಗುರವಾಗಿ ಕಾಣುವಂತಿಲ್ಲ. ಹೈಫೈ ಬೆಳೆದದ್ದೇ ಹವ್ಯಾಸಿಗಳ ಮೇಜಿನ ಮೇಲೆ. 1947ರಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆ ಡಿ.ಟಿ.ಎನ್. ವಿಲಿಯಮ್ಸನ್ ಅವರ ವಾಲ್ವ್ ಆಂಪ್ಲಿಫೈಯರಿನ ಪೂರ್ತಿ ನಕ್ಷೆ ಪ್ರಕಟಿಸಿತು. 15 ವ್ಯಾಟ್ ಶಕ್ತಿ, ಶೇ 0.1ಕ್ಕಿಂತ ಕಡಿಮೆ ಡಿಸ್ಟಾರ್ಷನ್: ಆ ಕಾಲಕ್ಕೆ ಕಂಪನಿಗಳೇ ಬೆರಗಾಗುವಂಥ ಗುಣಮಟ್ಟ. 1969ರಲ್ಲಿ ಅದೇ ಪತ್ರಿಕೆಯಲ್ಲಿ ಜಾನ್ ಲಿನ್ಸ್ಲಿ ಹುಡ್ ಬೆರಳೆಣಿಕೆಯ ಟ್ರಾನ್ಸಿಸ್ಟರುಗಳ 10 ವ್ಯಾಟ್ ಕ್ಲಾಸ್-ಎ ಆಂಪ್ಲಿಫೈಯರ್ ಬರೆದರು. ಅದನ್ನು ಇವತ್ತಿಗೂ ಕಟ್ಟುವವರಿದ್ದಾರೆ. ಅದೇ ವರ್ಷ ದೆಹಲಿಯಲ್ಲಿ ಶುರುವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯೂ’ ಪತ್ರಿಕೆಯ ಸರ್ಕ್ಯೂಟುಗಳನ್ನು ನೋಡಿಕೊಂಡು ಸಾಲ್ಡರಿಂಗ್ ಕಲಿತ ತಲೆಮಾರು ನಮ್ಮಲ್ಲೂ ಇದೆ.

ತಕರಾರು ಇರುವುದು ಹವ್ಯಾಸದ ಬಗ್ಗೆ ಅಲ್ಲ, ಅದು ದುಡ್ಡನ್ನೂ ಶ್ರದ್ಧೆಯನ್ನೂ ಸುರಿಯುವ ಜಾಗದ ಬಗ್ಗೆ. ವಿಲಿಯಮ್ಸನ್ ಕಾಲದಲ್ಲಿ ಒಳ್ಳೆಯ ಆಂಪ್ಲಿಫೈಯರ್ ನಿಜಕ್ಕೂ ಕಬ್ಬಿಣದ ಕಡಲೆ. ಈಗ ಅದು ಬಗೆಹರಿದ ಸಮಸ್ಯೆ. ಆದರೂ ಕಡಿಮೆ ದುಡ್ಡಿನಲ್ಲಿ ಹೈಫೈ ಮಾಡಹೊರಟವರು ಬಜೆಟ್ಟಿನ ಸಿಂಹಪಾಲನ್ನು ಆಂಪ್ಲಿಫೈಯರಿಗೇ ಕೊಟ್ಟು, ಉಳಿದ ಚಿಲ್ಲರೆಯಲ್ಲಿ ಸ್ಪೀಕರ್ ನೋಡುತ್ತಾರೆ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ 3116 ಐಸಿಯ ಬೋರ್ಡು ಅಂಗೈಗಿಂತ ದೊಡ್ಡದೇನಲ್ಲ. 21 ವೋಲ್ಟ್ ಕೊಟ್ಟರೆ 4 ಓಂ ಸ್ಪೀಕರಿಗೆ ಚಾನೆಲ್ಲಿಗೆ 50 ವ್ಯಾಟ್ ಕೊಡಬಲ್ಲದು. ಕ್ಲಾಸ್-ಡಿ ಆದ್ದರಿಂದ ಬಿಸಿಯಾಗುವುದೂ ಕಡಿಮೆ. ಕೆಟ್ಟ ಲ್ಯಾಪ್‌ಟಾಪಿನ ಜೊತೆ ಅಟ್ಟ ಸೇರಿರುವ 19 ವೋಲ್ಟ್, 65 ವ್ಯಾಟಿನ ಅಡಾಪ್ಟರೇ ಇದಕ್ಕೆ ಧಾರಾಳ. ಟ್ರಾನ್ಸ್‌ಫಾರ್ಮರ್ ಬೇಡ, ಮನೆಯ ಕರೆಂಟಿಗೆ ಕೈ ಹಾಕುವ ಅಪಾಯವೂ ಇಲ್ಲ. ಮೊಬೈಲಿನಿಂದ ಹಾಡು ತೆಗೆಯಲು ದುಬಾರಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಸಾಧನ) ಕೂಡ ಬೇಕಿಲ್ಲ. ಆಪಲ್ ಕಂಪನಿ ಅಮೆರಿಕದಲ್ಲಿ 9 ಡಾಲರಿಗೆ ಮಾರುವ ಬೆರಳುದ್ದದ ಹೆಡ್‌ಫೋನ್ ಅಡಾಪ್ಟರ್ ಅಳತೆಯಲ್ಲಿ ಎಷ್ಟೋ ದೊಡ್ಡ ಡಬ್ಬಿಗಳಿಗೆ ಸಮನಾಗಿ ನಿಲ್ಲುತ್ತದೆ.

ಆಂಪ್ಲಿಫೈಯರಿನ ಮೋಹ ಎಷ್ಟು ಪೊಳ್ಳು ಎಂಬುದಕ್ಕೆ ಹಳೆಯ ಸಾಕ್ಷಿಗಳಿವೆ. 1987ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಸುಮಾರು 220 ಡಾಲರಿನಿಂದ 12,000 ಡಾಲರಿನವರೆಗಿನ ಆಂಪ್ಲಿಫೈಯರುಗಳನ್ನು ಮರೆಯಲ್ಲಿಟ್ಟು ಕೇಳಿಸಿತು. ಯಾವುದು ಯಾವುದೆಂದು ಕೇಳುಗರು ಹೇಳಿದ್ದು ನಾಣ್ಯ ಚಿಮ್ಮಿ ಊಹಿಸಿದಷ್ಟೇ ಸರಿಯಾಗಿತ್ತು. ಜಪಾನಿನ 47 ಲ್ಯಾಬೊರೇಟರಿ 1999ರಲ್ಲಿ ‘ಗೇನ್‌ಕಾರ್ಡ್’ ಎಂಬ ದುಬಾರಿ ಆಂಪ್ಲಿಫೈಯರ್ ತಂದಾಗ ಹವ್ಯಾಸಿಗಳು ಮುಚ್ಚಳ ಬಿಚ್ಚಿ ನೋಡಿದರು. ಒಳಗಿದ್ದದ್ದು ಎಲ್‌ಎಂ 3875, ಕೆಲವೇ ಡಾಲರಿಗೆ ಸಿಗುವ ಮಾಮೂಲಿ ಐಸಿ. ಅದರ ನಕಲುಗಳಿಗೆ ‘ಗೇನ್‌ಕ್ಲೋನ್’ ಎಂದು ಹೆಸರಿಟ್ಟು ಜಗತ್ತಿನ ತುಂಬ ಕಟ್ಟಿದರು. ಹವ್ಯಾಸಿಗಳ ಅತ್ಯುತ್ತಮ ಗುಣ ಕಂಡದ್ದು ಅಲ್ಲಿ. ಅವರಲ್ಲೇ ಕೆಲವರು ಅದೇ ಐಸಿಯ ಸುತ್ತ ದುಬಾರಿ ಕೆಪಾಸಿಟರ್ ಕೂರಿಸಿ ದನಿ ‘ತೆರೆದುಕೊಂಡಿತು’ ಎಂದು ಬರೆಯತೊಡಗಿದ್ದು ಬೇರೆ ಮಾತು.

ಎಷ್ಟು ವ್ಯಾಟ್ ಬೇಕು? 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರ್, 10 ವ್ಯಾಟಿಗೆ 96 ಡೆಸಿಬೆಲ್ ಕೊಡುತ್ತದೆ. ಅಷ್ಟಕ್ಕೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ವ್ಯಾಟ್ ಇಮ್ಮಡಿಯಾದರೆ ಸಿಗುವುದು ಮತ್ತೆ ಬರೀ 3 ಡೆಸಿಬೆಲ್.

ಸ್ಪೀಕರಿನ ಕಥೆಯೇ ಬೇರೆ. ಈ ಹವ್ಯಾಸ ಸೋಲುವುದೂ ಇಲ್ಲೇ. ಅಗ್ಗದ ಸ್ಪೀಕರ್ ಬರುವುದು ‘8 ಇಂಚು, 100 ವ್ಯಾಟ್’ ಎಂಬ ಚೀಟಿಯೊಂದಿಗೆ. ಅದಕ್ಕೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು ಎಂದು ಹೇಳುವ ಮಾಹಿತಿ ಇರುವುದಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲೂ ಬರೆದ ಪ್ರಬಂಧಗಳಿಂದ ಪೆಟ್ಟಿಗೆಯ ಗಾತ್ರ ಊಹೆಯ ಹಿಡಿತದಿಂದ ಬಿಡಿಸಿಕೊಂಡು ಲೆಕ್ಕಕ್ಕೆ ಬಂತು. ನಮ್ಮಲ್ಲಿ ಅದು ಇನ್ನೂ ಬಡಗಿಯ ಬಳಿ ಉಳಿದ ಪ್ಲೈವುಡ್ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಪೆಟ್ಟಿಗೆಯ ಹಿಂಬದಿ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಇಷ್ಟು: ವೂಫರಿಗೆ ನೇರ ವೈರು, ಟ್ವೀಟರಿಗೆ ನಡುವೆ ಒಂದು 2.2 ಎಂಎಫ್‌ಡಿ ನಾನ್‌ಪೋಲಾರ್ ಕೆಪಾಸಿಟರ್. 8 ಓಂ ಟ್ವೀಟರಿನ ಜೊತೆ ಆ ಕೆಪಾಸಿಟರ್ ಪೂರ್ತಿ ದಾರಿ ಬಿಡುವುದು ಸುಮಾರು 9,000 ಹರ್ಟ್ಸ್ ಆದಮೇಲೆ. ಅಂದರೆ ಅಲ್ಲಿಯತನಕ 8 ಇಂಚಿನ ವೂಫರೇ ಹೆಚ್ಚುಕಡಿಮೆ ಒಂಟಿಯಾಗಿ ಹಾಡಬೇಕು. ಅಷ್ಟು ಅಗಲದ ಕೋನ್ ಸುಮಾರು 2,000 ಹರ್ಟ್ಸ್ ದಾಟಿದ ಮೇಲೆ ದನಿಯನ್ನು ಎಲ್ಲೆಡೆ ಹರಡದೆ ನೇರ ಮುಂದಕ್ಕೆ ಎಸೆಯುತ್ತದೆ. ಎದುರಿಗೆ ಕುಳಿತವರಿಗೆ ಮಾತು ಸ್ಪಷ್ಟ, ಪಕ್ಕದ ಸೋಫಾದಲ್ಲಿ ಕುಳಿತವರಿಗೆ ‘ಸ’, ‘ಶ’ಗಳೆಲ್ಲ ಕಂಬಳಿ ಹೊದ್ದ ಹಾಗೆ. ಇದನ್ನು ಯಾವ ಆಂಪ್ಲಿಫೈಯರೂ ರಿಪೇರಿ ಮಾಡಲಾರದು. ವೂಫರಿಗೂ ಟ್ವೀಟರಿಗೂ ದನಿಯನ್ನು ಹಂಚಿಕೊಡುವ ಸರಿಯಾದ ಕ್ರಾಸ್‌ಓವರ್ ಕಟ್ಟುವುದು ಇಡೀ ಹೈಫೈನಲ್ಲೇ ಕಷ್ಟದ ಕೆಲಸ; ಎರಡೂ ಡ್ರೈವರುಗಳನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಮೈಕ್‌ನಿಂದ ಅಳೆಯದೆ ಆಗದು.

ಆದ್ದರಿಂದ ಮೊದಲ ಸಲ ಕಟ್ಟುವವರಿಗೆ ಸ್ವಂತ ವಿನ್ಯಾಸದ ಹಟ ಬೇಡ. ಅಮೆರಿಕದ ಪಾಲ್ ಕಾರ್ಮೊಡಿ ಅವರ ‘ಓವರ್‌ನೈಟ್ ಸೆನ್ಸೇಷನ್ಸ್’ನಂಥ ಪುಟ್ಟ ಸ್ಪೀಕರುಗಳನ್ನು ಅಳೆದು, ತಿದ್ದಿ, ನಕ್ಷೆಯನ್ನು ಉಚಿತವಾಗಿ ಕೊಟ್ಟವರಿದ್ದಾರೆ. ತೊಡಕು ಎಂದರೆ ಆ ಡ್ರೈವರುಗಳು ಆಮದಾಗಿಯೇ ಬರಬೇಕು. ಸುಂಕ, ಸಾಗಣೆ ಸೇರಿದರೆ ‘ಅಗ್ಗ’ ಎಂಬ ಮಾತು ಅರ್ಧ ಸಾಯುತ್ತದೆ. ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ ಹಳೆಯ ಒಳ್ಳೆಯ ಜೋಡಿ ಹುಡುಕುವುದು ಇನ್ನೊಂದು ದಾರಿ. ಅಲ್ಲಿ ಮೊದಲು ನೋಡಬೇಕಾದ್ದು ಬ್ರ್ಯಾಂಡಲ್ಲ, ಕೋನಿನ ಅಂಚು. ಫೋಮಿನ ಅಂಚಾದರೆ ಹತ್ತು ಹದಿನೈದು ವರ್ಷಕ್ಕೆ ಹಳಸಿ, ಬೆರಳು ತಾಗಿಸಿದರೆ ಜಿಗುಟು ಪುಡಿಯಾಗಿ ಉದುರುತ್ತದೆ. ರಬ್ಬರಿನ ಅಂಚಾದರೆ ಚೌಕಾಸಿಗೆ ಇಳಿಯಬಹುದು.

ಕೋಣೆಯ ವಿಷಯಕ್ಕೆ ಬಂದರೆ ಹವ್ಯಾಸಿಗಳ ಮೌನ ಇನ್ನೂ ವಿಚಿತ್ರ. ನಮ್ಮ ಮನೆಗಳ 10×12 ಅಡಿಯ ಕೋಣೆಗೆ ಸೂರಿನ ಎತ್ತರವೂ ಹೆಚ್ಚಾಗಿ 10 ಅಡಿ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ದನಿ ಸಿಕ್ಕಿಹಾಕಿಕೊಂಡು ಊದಿಕೊಳ್ಳುತ್ತದೆ. ಅಗಲ, ಎತ್ತರ ಎರಡೂ ಒಂದೇ ಆದರೆ ಎರಡು ದಿಕ್ಕಿನ ಊತವೂ ಒಂದೇ ಸ್ವರದ ಮೇಲೆ ಬೀಳುತ್ತದೆ. ಜೊತೆಗೆ ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ. ಸ್ಪೀಕರನ್ನು ಷೋಕೇಸಿನ ಮೂಲೆಗೆ ತುರುಕಿದರೆ ಗುಂಯ್‌ಗುಡುವುದರಲ್ಲಿ ಆಶ್ಚರ್ಯವೇನು? ನೆಲಕ್ಕೆ ನವಲಗುಂದದ ಜಮಖಾನ ಹಾಸಿದರೆ ಟೈಲ್ಸಿನ ಕಿಣಿಕಿಣಿ ಖಂಡಿತ ತಗ್ಗುತ್ತದೆ, ಆದರೆ ಬಾಸ್ ಜಮಖಾನಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಈಚೆ ಎಳೆಯಬೇಕು, ಕುರ್ಚಿಯನ್ನು ಹಿಂಗೋಡೆಯಿಂದ ಮುಂದೆ ತರಬೇಕು. ಇದಕ್ಕೆ ಖರ್ಚು ಸೊನ್ನೆ; ಮನೆಯವರನ್ನು ಒಪ್ಪಿಸುವುದಷ್ಟೇ ಕಷ್ಟ.

ಸ್ಪೀಕರಿಗೆ ಎಳೆಯುವ ವೈರಿನ ಬಗ್ಗೆ ಹೆಚ್ಚು ಮಾತು ಬೇಡ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವೈರು 3 ಮೀಟರ್ ಹೋಗಿ ಬಂದರೂ ಒಡ್ಡುವ ತಡೆ 0.1 ಓಂ ಕೂಡ ಇಲ್ಲ.

ಈ ಹವ್ಯಾಸ ಲಾಭದ ಬಾಬ್ತೇ ಎಂದರೆ, ಬರೀ ದುಡ್ಡಿನ ಲೆಕ್ಕದಲ್ಲಿ ಅಲ್ಲ. ಒಳಗೇ ಆಂಪ್ಲಿಫೈಯರ್ ಇರುವ, 4 ಇಂಚು ವೂಫರಿನ ಸಿದ್ಧ ಪವರ್ಡ್ ಸ್ಪೀಕರುಗಳ ಒಳ್ಳೆಯ ಜೋಡಿಯೊಂದು, ಅದೇ ಬೆಲೆಗೆ ಮನೆಯಲ್ಲಿ ಊಹೆಯ ಮೇಲೆ ಕಟ್ಟಿದ ಮೊದಲ ಜೋಡಿಗಿಂತ ಸಾಮಾನ್ಯವಾಗಿ ಚೆನ್ನಾಗಿಯೇ ಹಾಡುತ್ತದೆ. ಅದರ ಕ್ರಾಸ್‌ಓವರನ್ನು ಯಾರೋ ಅಳೆದು ಮಾಡಿರುತ್ತಾರೆ. ಆಳದ ಬಾಸ್ ಅದರಲ್ಲಿ ಇರದು ನಿಜ. ಮನೆಯಲ್ಲಿ ಕಟ್ಟಿದ್ದರ ಮೇಲುಗೈ ಇರುವುದು ರಿಪೇರಿಯಲ್ಲಿ. ಬೋರ್ಡು ಸುಟ್ಟರೆ ಬೋರ್ಡು, ಅಡಾಪ್ಟರ್ ಹೋದರೆ ಅಡಾಪ್ಟರ್ ಬದಲಿಸಿದರಾಯಿತು. ಪೆಟ್ಟಿಗೆ ಹಾಗೇ ಉಳಿಯುತ್ತದೆ.

ಇಷ್ಟೆಲ್ಲ ಕಟ್ಟಿದವರು ಪರೀಕ್ಷಿಸುವ ಬಗೆ ಮಾತ್ರ ಒಂದೇ: ಡ್ರಮ್ಮು ಜೋರಾಗಿರುವ ಹೊಸ ಸಿನಿಮಾ ಹಾಡು ಹಾಕಿ ವಾಲ್ಯೂಮ್ ತಿರುವುವುದು. ಅದರಲ್ಲಿ ತಪ್ಪು ಹಿಡಿಯುವುದು ಕಷ್ಟ, ಏಕೆಂದರೆ ಆ ಡ್ರಮ್ಮಿನ ಅಸಲಿ ದನಿ ಯಾರಿಗೂ ಗೊತ್ತಿಲ್ಲ. ಗಂಗೂಬಾಯಿ ಹಾನಗಲ್ ಅವರ ಗಡುಸು ಕಂಠ ಹಾಕಿದರೆ ಪೆಟ್ಟಿಗೆಯ ಹಲಗೆ ತಾನೂ ಹಾಡುತ್ತಿದೆಯೇ ಎಂದು ತಕ್ಷಣ ತಿಳಿಯುತ್ತದೆ. 1960ರ ದಶಕದ ಪಿ.ಬಿ. ಶ್ರೀನಿವಾಸ್ ಹಾಡುಗಳು ಮೋನೊ ರೆಕಾರ್ಡಿಂಗು; ಜೋಡಿ ಸರಿಯಾಗಿ ಕೂತಿದ್ದರೆ ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ನಿಲ್ಲದೆ ಕೋಣೆಯೆಲ್ಲ ಚೆದುರಿ, ಬಾಸ್ ಕೂಡ ತೆಳುವಾದರೆ ಒಂದು ಸ್ಪೀಕರಿನ ಪ್ಲಸ್-ಮೈನಸ್ ಅದಲುಬದಲಾಗಿದೆ ಎಂದೇ ತಿಳಿಯಬೇಕು. ಆಂಪ್ಲಿಫೈಯರಿನಿಂದ ವೈರು ಕಳಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿಗೆ ಅರೆಕ್ಷಣ ತಾಗಿಸಿದರೆ ಸಾಕು. ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದಾಗ ಎರಡೂ ವೂಫರುಗಳ ಕೋನ್ ಹೊರಕ್ಕೆ ಚಿಮ್ಮಬೇಕು; ಒಂದು ಒಳಕ್ಕೆ ಹೋದರೆ ಆ ವೈರನ್ನು ತಿರುಗಿಸಿ ಹಾಕಬೇಕು.